ಒಂದೇ ಸ್ವರ

ಪ್ರಾರ್ಥನೆಯ ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ಪ್ರಾಚಾರ್ಯರು ಕೂತಲ್ಲಿಂದಲೇ ಎರಡು ಬೆರಳು ಆಡಿಸಿ ಸಾಕು ಎಂದರು. ಮಾಲಾ ಅದನ್ನು ಕಂಡೂ ಕಾಣದವಳ ಹಾಗೆ ಹಾಡುತ್ತ ಹೋದಳು. ತಾರಸ್ಥಾಯಿಗೆ ಏರಬೇಕಾದ ಜಾಗ ಇನ್ನೂ ಮುಂದಿತ್ತು; ಅಲ್ಲಿಗೆ ಮುಟ್ಟದೆ ನಿಲ್ಲಿಸಿದರೆ ಮೆಟ್ಟಿಲ ನಡುವೆ ಕಾಲೆತ್ತಿಕೊಂಡು ನಿಂತ ಹಾಗಾಗುತ್ತದೆ ಅನ್ನಿಸಿತು. ವಾಲಿಬಾಲ್ ಪಂದ್ಯಾವಳಿಯ ಉದ್ಘಾಟನೆಗೆ ತಡವಾಗಿ ಬಂದಿದ್ದ ಅತಿಥಿಗಳು ಮೊಬೈಲು ನೋಡುತ್ತಿದ್ದರು. ನಿರೂಪಣೆ ಮಾಡುತ್ತಿದ್ದ ಕಾಮರ್ಸ್ ವಿಭಾಗದವರು ಹತ್ತಿರ ಬಂದು, ಮೈಕಿನ ಕುತ್ತಿಗೆ ಹಿಡಿದು ತಮ್ಮ ಕಡೆ ಬಾಗಿಸಿಕೊಂಡು, “ಸುಶ್ರಾವ್ಯವಾಗಿ ಪ್ರಾರ್ಥಿಸಿದ ಮಾಲಾ ಮೇಡಂ ಅವರಿಗೆ ಧನ್ಯವಾದಗಳು” ಎಂದುಬಿಟ್ಟರು. ಅವಳ ಬಾಯಲ್ಲಿ ಇನ್ನೂ ಅರ್ಧ ಶಬ್ದ ಉಳಿದಿತ್ತು. ಅದನ್ನು ನುಂಗಿಕೊಂಡು ವೇದಿಕೆ ಇಳಿಯುವಾಗ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ತನಗಲ್ಲ, ತನ್ನನ್ನು ನೋಡಿ ಯಾಕೆ ನಗುತ್ತಾರೆ ಎಂದುಕೊಂಡಳು. ಆದರೂ ಕೈ ತಾನಾಗಿ ಗಂಟಲಿಗೆ ಹೋಯಿತು. ಈಚೆಗೆ ಅದೊಂದು ಚಟವಾಗಿತ್ತು. ಮಾತಾಡುವಾಗ, ಚಹಾ ಕುಡಿಯುವಾಗ, ಪಾಠದ ನಡುವೆ ಕೂಡ, ಒಳಗಿನ ದನಿಪೆಟ್ಟಿಗೆಯ ಆ ಗಟ್ಟಿ ಗಂಟು ಏರುತ್ತ ಇಳಿಯುತ್ತ ಇರುವುದನ್ನು ಬೆರಳಿನಿಂದ ಮುಟ್ಟಿ ನೋಡಿಕೊಳ್ಳುವುದು. ಅಪ್ಪನಿಗೆ ಈಗ ಅದಿಲ್ಲ. ಅದಿದ್ದ ಜಾಗ ಚಪ್ಪಟೆಯಾಗಿದೆ. ಕೆಳಗೆ, ಎರಡು ಎಲುಬು ಕೂಡುವ ಗುಳಿಯಲ್ಲಿ, ಒಂದು ತೂತು. ಅದರ ಮೇಲೆ ಅವ್ವ ಹಳೆಯ ಧೋತರ ಹರಿದು ಹೊಲಿದುಕೊಟ್ಟ ಬಿಳಿ ಅರಿವೆ. ಅವನು ಉಸಿರೆಳೆದಾಗ ಅರಿವೆ ಒಳಗೆ ಹೋಗುತ್ತದೆ, ಬಿಟ್ಟಾಗ ಹೊರಗೆ ಬರುತ್ತದೆ.

ಸ್ಟಾಫ್ ರೂಮಿನಲ್ಲಿ, ಸಂಗೀತ ಕಲಿಸುವ ಮಾಲಾಳಂಥ ಅತಿಥಿ ಉಪನ್ಯಾಸಕರಿಗೆಂದು ಬೇರೆ ಮೇಜಿರಲಿಲ್ಲ. ಕಿಟಕಿಯ ಪಕ್ಕದ ಬೆಂಚಿನ ಮೇಲೆ ಇಟ್ಟಿದ್ದ ಚೀಲವನ್ನು ಅವಳು ತೆರೆದು, ಅದು ಇದೆಯೋ ಎಂದು ಮತ್ತೊಮ್ಮೆ ನೋಡಿದಳು. ಇತ್ತು. ಬೆಳಗಾವಿಯ ದವಾಖಾನೆಯಿಂದ ನಿನ್ನೆ ತಂದದ್ದು. ಗಿಡ್ಡ ಬ್ಯಾಟರಿಯ ಹಾಗೆ, ಒಂದು ತುದಿಗೆ ದುಂಡನೆಯ ಬಿಲ್ಲೆ. ಅದನ್ನು ಗದ್ದದ ಕೆಳಗೆ ಒತ್ತಿ ಗುಂಡಿ ಅದುಮಿದರೆ ಝುಂಯ್ ಎನ್ನುತ್ತದೆ. ಆಗ ತುಟಿ, ನಾಲಿಗೆ ಆಡಿಸಿದರೆ ಆ ಸದ್ದೇ ಮಾತಾಗುತ್ತದೆ. ಅಲ್ಲಿಯ ಸಿಸ್ಟರ್ ತನ್ನ ಕುತ್ತಿಗೆಗೆ ಹಿಡಿದು ಮಾಡಿ ತೋರಿಸಿದ್ದಳು. ಮಾಲಾ ತಾನೂ ಹಿಡಿದು ‘ಸಾ’ ಎಂದು ನೋಡಿದ್ದಳು, ‘ರೀ’ ಎಂದು ನೋಡಿದ್ದಳು. ಎರಡೂ ಒಂದೇ ಎತ್ತರದಲ್ಲಿ ಬಂದಿದ್ದವು. “ಏನ್ರಿ ಮೇಡಂ, ಟಾರ್ಚೇನ್ರಿ?” ಎಂದು ಬಾಜೂಕ್ಕೆ ಕುಳಿತ ಹಿಂದಿ ಪ್ರಾಧ್ಯಾಪಕರು ಬಗ್ಗಿ ನೋಡಿದರು. “ಹೂಂ ಸರ್. ಊರಾಗ ಕರೆಂಟ್ ಹೋಗ್ತೈತ್ರಿ” ಎಂದಳು. ಸುಳ್ಳು ಎಷ್ಟು ಸಲೀಸಾಗಿ ಬರುತ್ತದೆ, ಬಾಯೊಳಗೆ ಮೊದಲೇ ಅಗಿದಿಟ್ಟ ಹಾಗೆ, ಎಂದು ಅವಳಿಗೇ ಹೇಸಿಕೆಯಾಯಿತು.

ಕೊನೆಯ ಸೆಮಿಸ್ಟರಿನ ಪಠ್ಯದಲ್ಲಿ ಒಂದು ಘಟಕವಿತ್ತು: ಪಾಶ್ಚಾತ್ಯ ಸಂಗೀತದ ಇತಿಹಾಸ, ಗ್ರೀಕರಿಂದ ರೊಮ್ಯಾಂಟಿಕ್ ಯುಗದವರೆಗೆ. ಹಿಂದೆ ಇದ್ದವರು ಒಂದು ಪುಟ ಬರೆಸಿ ಮುಗಿಸುತ್ತಿದ್ದರಂತೆ. ಗೋಕಾಕದಲ್ಲಿ ಕೂತು ಅದನ್ನು ಯಾರಿಗಾಗಿ ಕಲಿಸಬೇಕು ಎಂದು ಪ್ರಾಚಾರ್ಯರೂ ಕೇಳಿದ್ದರು. ಒಂದು ಪಿಯಾನೊವನ್ನೂ ಹತ್ತಿರದಿಂದ ಕಾಣದ ಮಾಲಾಗೆ ಅದು ಹೇಗೋ ಅಂಟಿಕೊಂಡಿತು. ಎರಡು ಸಾವಿರ ವರ್ಷದ ಹಿಂದೆ ಗ್ರೀಕರು ಹಾಡಿನ ಬಗ್ಗೆ ಬರೆದದ್ದೆಲ್ಲ ಉಳಿಯಿತು, ಹಾಡು ಮಾತ್ರ ಉಳಿಯಲಿಲ್ಲ. ಗೋರಿಯ ಕಲ್ಲಿನ ಮೇಲೆ ಅಲ್ಲೊಂದು ಇಲ್ಲೊಂದು ಗುರುತು, ಅಷ್ಟೆ. ಆಮೇಲೆ ಮಠಗಳಲ್ಲಿ ಸನ್ಯಾಸಿಗಳು ಎಲ್ಲರೂ ಒಂದೇ ಧಾಟಿಯನ್ನು ಒಂದೇ ದನಿಯಲ್ಲಿ ಹಾಡಿದರು. ಮರೆತುಹೋಗುವ ಹೆದರಿಕೆಯಿಂದ ಗೆರೆ ಎಳೆದು, ಗೆರೆಯ ಮೇಲೆ ಚುಕ್ಕಿ ಇಟ್ಟರು. ಎಡಗೈ ಬೆರಳಿನ ಗೆಣ್ಣು ಗೆಣ್ಣಿಗೂ ಒಂದು ಸ್ವರ ಹಂಚಿ ಮಕ್ಕಳಿಗೆ ಕಲಿಸಿದರು. ಅದನ್ನು ಹೇಳಿದ ದಿನ ಹುಡುಗಿಯರೆಲ್ಲ ತಮ್ಮ ಅಂಗೈ ನೋಡಿಕೊಂಡಿದ್ದರು. ಒಂದು ದನಿಯ ಮೇಲೆ ಇನ್ನೊಂದು ದನಿ ಏರಿತು, ಮೂರಾಯಿತು, ನಾಲ್ಕಾಯಿತು. ವಾರ ವಾರ ಅವಳು ಅದನ್ನು ಊರಿನ ಸುದ್ದಿ ಹೇಳಿದ ಹಾಗೆ ಹೇಳಿಕೊಂಡು ಬಂದಿದ್ದಳು. ಇವತ್ತಿನ ಪಾಠ ಇಟಲಿಯ ಹುಡುಗರದ್ದು.

ಏಳೆಂಟು ಮಂದಿ ಇದ್ದರು. ಉಳಿದವರು ವಾಲಿಬಾಲ್ ನೋಡಲು ಹೋಗಿದ್ದರು. ಮೈದಾನದ ಸಿಳ್ಳೆ ಕಿಟಕಿಯೊಳಗೆ ಬರುತ್ತಿತ್ತು. ಚರ್ಚಿನಲ್ಲಿ ಹೆಂಗಸರು ಹಾಡಬಾರದೆಂಬ ಕಟ್ಟಳೆಯಿತ್ತು, ಆದರೆ ಏರು ದನಿ ಬೇಕಿತ್ತು, ಎಂದು ಅವಳು ಶುರುಮಾಡಿದಳು. ಅದಕ್ಕಾಗಿ ಚಲೋ ದನಿಯಿರುವ ಬಡವರ ಹುಡುಗರನ್ನು ಆರಿಸಿ, ದನಿ ಒಡೆಯುವ ವಯಸ್ಸು ಬರುವ ಮೊದಲೇ ಅವರಿಗೆ ಒಂದು ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ದೇಹ ಗಂಡಸಿನದಾಗುತ್ತಿತ್ತು, ಎದೆ ದೊಡ್ಡದಾಗುತ್ತಿತ್ತು, ದನಿ ಮಾತ್ರ ಹಾಗೇ ನಿಲ್ಲುತ್ತಿತ್ತು. ಹಿಂದಿನ ಬೆಂಚಿನ ಸಿದ್ರಾಯ, “ಅಂದ್ರ ಹೋರಿಗೆ ಮಾಡಿದಂಗೇನ್ರಿ ಮೇಡಂ?” ಎಂದ. ಹುಡುಗರು ನಕ್ಕರು, ಹುಡುಗಿಯರು ತಲೆ ತಗ್ಗಿಸಿದರು. “ಹೂಂ, ಹಂಗ” ಎಂದಳು ಮಾಲಾ, ನಗು ಮುಗಿಯಲೆಂದು ಕಾದು. ನೂರರಲ್ಲಿ ಒಬ್ಬಿಬ್ಬರು ಹೆಸರು ಮಾಡಿದರು, ರಾಜರ ಪಂಕ್ತಿಯಲ್ಲಿ ಉಂಡರು. ಉಳಿದವರು ಹಳ್ಳಿಯ ಚರ್ಚುಗಳಲ್ಲಿ ಹಾಡಿಕೊಂಡು ಮುದುಕರಾದರು. ಕೆಲವರು ಆ ಹಾಸಿಗೆಯಿಂದ ಏಳಲೇ ಇಲ್ಲ. ಮುಂದಿನ ಬೆಂಚಿನಲ್ಲಿ ಭಾಗ್ಯಾ ಎಂಬ ಹುಡುಗಿ ಕೈ ಎತ್ತಿದಳು. ಮೂಡಲಗಿ ಕಡೆಯ ಕುರುಬರವಳು. ತಂದೆ ಡೊಳ್ಳಿನ ಪದ ಹಾಡುವವನು. ಕ್ಲಾಸಿನಲ್ಲಿ ಅವಳೊಬ್ಬಳೇ ನಗದೆ ಇದ್ದವಳು.

“ಮೇಡಂ, ಆ ಹುಡುಗ್ರಿಗೆ ಮೊದಲ ಹೇಳ್ತಿದ್ರೇನ್ರಿ?”

“ಏನ್ ಹೇಳೂದು?”

“ಹಿಂಗ ಮಾಡ್ತೀವಿ, ಹಿಂಗ ಆಕ್ಕೈತಿ ಅಂತ.”

ಮಾಲಾ ಮೇಜಿನ ಮೇಲಿನ ಹಾಳೆಗಳನ್ನು ತಿರುವಿದಳು. ಉತ್ತರ ಅವಳಿಗೆ ಗೊತ್ತಿತ್ತು, ಹಾಳೆಯಲ್ಲಿ ಹುಡುಕಬೇಕಾಗಿರಲಿಲ್ಲ. ಹೇಳುತ್ತಿರಲಿಲ್ಲ. ಅಫೀಮು ಕುಡಿಸಿ, ಬೆಚ್ಚನೆಯ ನೀರಿನಲ್ಲಿ ಕೂಡಿಸುತ್ತಿದ್ದರು. ಎಚ್ಚರವಾದಾಗ ಕುದುರೆಯಿಂದ ಬಿದ್ದೆ ಅನ್ನುತ್ತಿದ್ದರು, ಕಾಡುಹಂದಿ ಕಚ್ಚಿತು ಅನ್ನುತ್ತಿದ್ದರು, ರೋಗವಿತ್ತು ಅದಕ್ಕೆ ತೆಗೆದರು ಅನ್ನುತ್ತಿದ್ದರು. “ಹೇಳ್ತಿದ್ದಿಲ್ಲ. ಬಿದ್ದಿ, ರೋಗ ಇತ್ತು ಅಂತ ಸುಳ್ಳ ಹೇಳ್ತಿದ್ರು” ಎಂದಳು. ಭಾಗ್ಯಾ ತುಸು ಯೋಚಿಸಿ, “ಯಾರ್ ಸುಳ್ಳ ಹೇಳ್ತಿದ್ರ್ರಿ, ಡಾಕ್ಟರೇನ್ರಿ?” ಎಂದಳು. “ಇಲ್ಲ. ಮನಿಯವ್ರು.”

ಬೆಳಗಾವಿಯಲ್ಲಿ ಅಪ್ಪನನ್ನು ನೋಡಿದ ಡಾಕ್ಟರೂ ಸುಳ್ಳು ಹೇಳಿರಲಿಲ್ಲ. ಕೇರಳದ ಕಡೆಯ ತರುಣ, ಕನ್ನಡ ಬರುತ್ತಿರಲಿಲ್ಲ. ಅಪ್ಪನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತು, ಅವನ ಕಣ್ಣನ್ನೇ ನೋಡುತ್ತ, ಮುಚ್ಚುಮರೆಯಿಲ್ಲದೆ ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳಿದ್ದ. ದನಿಪೆಟ್ಟಿಗೆ ಪೂರ್ತಿ ತೆಗೆಯಬೇಕು. ಮಾತು ಹೋಗುತ್ತದೆ, ತಿರುಗಿ ಬರುವುದಿಲ್ಲ. ತೆಗೆಯದಿದ್ದರೆ ಮುಂದಿನ ವರ್ಷ ಕಾಣುವುದು ಕಷ್ಟ. ಎಲ್ಲ ಹೇಳಿ ಮಾಲಾಳ ಕಡೆ ತಿರುಗಿ, ಇದನ್ನು ಅವರ ಭಾಷೆಯಲ್ಲಿ ಒಂದೂ ಬಿಡದೆ ತಿಳಿಸಿ, ಅವರು ಒಪ್ಪಿದರಷ್ಟೇ ಮುಂದಿನದು ಎಂದ. ಬೀಡಿಯ ವಾಸನೆಯ ನೆಹರೂ ಶರ್ಟಿನಲ್ಲಿ ಕೂತ ಶೆಟ್ಟೆಪ್ಪ ಮಗಳ ಬಾಯನ್ನು ನೋಡಿದ. ತಮ್ಮೂರು ಘೋಡಗೇರಿಯ ಮಠದಲ್ಲಿ ಮೂವತ್ತು ವರ್ಷ ಸೋಮವಾರದ ಭಜನೆಯ ಮುಂಗಡೆ ಕೂತು ಏಕತಾರಿ ಹಿಡಿದು ತತ್ವಪದ ಹಾಡಿದವನು. ಅವನು ಮೊದಲ ಸೊಲ್ಲು ಎತ್ತಿದರೆ ಹೊಳೆಯಾಚೆಯವರು ಇವತ್ತು ಸೋಮವಾರ ಎಂದು ತಿಳಿಯುತ್ತಿದ್ದರು. ಗಂಟಲು ಕಟ್ಟಿಕೊಂಡು ದವಾಖಾನೆಗೆ ಹೊರಟ ದಿನ ಮನೆಯಲ್ಲಿ ಎಲ್ಲರೆದುರು ಅಂದಿದ್ದ: “ದನಿ ಹೋಗೂದಿದ್ರ ಮಾತ್ರ ನಂಗ ಬ್ಯಾಡ ನೋಡ್ರಿ. ಇದ್ದಷ್ಟ ದಿನಾ ಹಾಡಿ ಹೊಕ್ಕೇನಿ.” ಅದು ಅವಳಿಗೆ ಗೊತ್ತಿತ್ತು. ತಮ್ಮ ಯಲ್ಲಾಲಿಂಗ ವರಾಂಡದಲ್ಲಿ ಗೋಡೆಗೆ ಹಣೆ ಹಚ್ಚಿ ನಿಂತು, “ನೀನ ಹೇಳ ಅಕ್ಕಾ, ನನ್ನ ಕಡಿಂದ ಆಗೂದಿಲ್ಲ” ಎಂದಿದ್ದ. ಅವ್ವ ಸುಂದ್ರವ್ವ ಅವಳ ರಟ್ಟೆ ಹಿಡಿದು, “ಹೆಂಗರ ಹೇಳು. ಜೀಂವ ಉಳೀಲಿ” ಎಂದಿದ್ದಳು. ಹೆಂಗರ. ಆ ಶಬ್ದದೊಳಗೆ ಎಷ್ಟು ಜಾಗವಿತ್ತು.

“ಗಂಟ ತಗೀತಾರಂತ ಯಪ್ಪಾ,” ಎಂದಿದ್ದಳು. “ಸ್ವಲ್ಪ ದಿನ ದನಿ ಹತ್ತೂದಿಲ್ಲ. ಆಮ್ಯಾಲ ಬರ್ತೈತಂತ.”

“ಶ್ರಾವಣಕ್ಕ ಹಾಡಾಕ ಬರ್ತೈತೇನ ಕೇಳು.”

ಅವಳು ಡಾಕ್ಟರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಬೇರೆ ಏನನ್ನೋ, ಎಷ್ಟು ದಿನ ಇಲ್ಲಿರಬೇಕು ಎಂದು ಕೇಳಿದಳು. ಅವನು ಉತ್ತರ ಹೇಳಿದ. ಅವಳು ಅಪ್ಪನ ಕಡೆ ತಿರುಗಿ, “ಬರ್ತೈತಂತ” ಎಂದಳು. ಅವರಿಗೆ ತಿಳಿಯಿತೇ ಎಂದು ಡಾಕ್ಟರು ಕೇಳಿದಾಗ ತಿಳಿಯಿತು ಎಂದಳು. ಅಪ್ಪ ಹೆಬ್ಬೆಟ್ಟು ಒತ್ತಲಿಲ್ಲ. ಎರಡನೇ ಇಯತ್ತೆಯವರೆಗೆ ಕಲಿತವನೆಂಬ ಹೆಮ್ಮೆಯಿಂದ ತನ್ನ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಬರೆದ. ಅದಾದ ಮೇಲೆ ಅವನಿಗೆ ಎಚ್ಚರವಾದದ್ದು, ಬಾಯಿ ತೆರೆದದ್ದು, ಗಾಳಿ ಬಾಯಿಗೆ ಬರದೆ ಕೆಳಗಿನ ತೂತಿನಿಂದ ಬುಸ್ಸೆಂದು ಹೋದದ್ದು, ಅವನ ಕಣ್ಣು ಅವಳನ್ನು ಹುಡುಕಿದ್ದು. ಅವಳು ಸಲಾಯಿನ್ ಬಾಟಲಿಯ ಹನಿಗಳನ್ನು ನೋಡುತ್ತ ನಿಂತಿದ್ದಳು. ಶ್ರಾವಣ ಬಂತು, ಹೋಯಿತು. ಮಠದಲ್ಲಿ, ಅಪ್ಪನ ಜೋಡಿ ಭಜನೆಗೆ ಕೂಡುತ್ತಿದ್ದ ಮಾಲಿಂಗಪ್ಪ ಮುಂದೆ ಕೂತು ಹಾಡಿದ. ಅಪ್ಪ ಹೋಗಲಿಲ್ಲ.

ಹೊರಗೆ ಸಿಳ್ಳೆ ಕೇಳಿತು. ಮೈದಾನದಲ್ಲಿ ಯಾರೋ ಗೆದ್ದರು. “ಇವತ್ತಿಗೆ ಸಾಕು,” ಎಂದಳು ಮಾಲಾ. ಪಾಠ ಅರ್ಧವೂ ಆಗಿರಲಿಲ್ಲ.

ತವರೂರಿಗೆ ಹೊರಟ ಬಸ್ಸು ಗೋಕಾಕ ಫಾಲ್ಸ್ ದಾಟಿ ಕೊಣ್ಣೂರಕ್ಕೆ ಬರುವಷ್ಟರಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡಿತು. ಎರಡೆರಡು ಟ್ರೇಲರ್ ಹಚ್ಚಿಕೊಂಡು, ದಾರಿಗೆ ಗರಿ ಉದುರಿಸುತ್ತ ಹೊರಟಿದ್ದವು, ಒಂದೊಂದರಲ್ಲೂ ಬೇರೆ ಬೇರೆ ಹಾಡು ಚೀರುತ್ತಿತ್ತು. ಮಾಲಾ ಇಯರ್‌ಫೋನಿನ ಒಂದು ತುದಿಯನ್ನು ಕಿವಿಗಿಟ್ಟುಕೊಂಡಳು, ಇನ್ನೊಂದು ಕೆಟ್ಟುಹೋಗಿತ್ತು. ಒಂದೇ ಕಿವಿಯಲ್ಲಿ ಕೇಳುವುದರಿಂದ ಆ ದೊಡ್ಡ ವಾದ್ಯಮೇಳಗಳೆಲ್ಲ ಅವಳಿಗೆ ಅರ್ಧವೇ ಗೊತ್ತು. ಪಿಟೀಲು ಕೇಳಿದರೆ ಅದರ ಕೆಳಗೆ ಇರಬೇಕಾದ ಮಂದ್ರ ಇರುತ್ತಿರಲಿಲ್ಲ. ಹಿಂದಿನ ವರ್ಷದ ದೀಪಾವಳಿಗೆ, ಇನ್ನೂ ರೋಗ ತಿಳಿಯದಿದ್ದಾಗ, ಅಪ್ಪನ ಕಿವಿಗೆ ಇದನ್ನೇ ಇಟ್ಟಿದ್ದಳು. ಸನ್ಯಾಸಿಗಳ ಒಂಟಿ ಧಾಟಿಯನ್ನು ಕಣ್ಣುಮುಚ್ಚಿ ಕೇಳಿ, “ಇದು ನಮ್ದ ಐತಲ್ಲ, ಮಠದಾಗಿಂದು” ಎಂದು ಅದರ ಬಾಜೂಕ್ಕೇ ತನ್ನ ದನಿ ಎಳೆದಿದ್ದ. ಬೇರೆ ದೇಶದ, ಬೇರೆ ಕಾಲದ ಆ ಸ್ವರದ ಪಕ್ಕದಲ್ಲಿ ಅವನ ಸ್ವರ ಕೂದಲೆಳೆ ತಪ್ಪದೆ ನಿಂತಿತ್ತು. ಮುಂದೆ ನಾಲ್ಕು ದನಿಯ ಗಾಯನ ಬಂದಾಗ ಕಣ್ಣು ತೆರೆದ. “ಇಷ್ಟ ಮಂದಿ ಒಮ್ಮಿಗೆ ಬ್ಯಾರೆ ಬ್ಯಾರೆ ಹಾಡಿದ್ರ ದೇವರ ಯಾರ್ದ ಕೇಳ್ಬೇಕ ತಂಗಿ?” ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು. ಆದರೆ ಆ ನಗುವಿನ ಅಡಿಯಲ್ಲಿ ಏನೋ ಚುಚ್ಚಿತ್ತು. ಧಾರವಾಡದಲ್ಲಿ ಸಂಗೀತದ ಎಂ.ಎ. ಮುಗಿಸಿ ಬಂದ ವರ್ಷ ಮಠದಲ್ಲಿ ಅವಳನ್ನು ಹಾಡಿಸಿದಾಗಲೂ ಹೀಗೇ, “ಆಕಿದು ಪುಸ್ತಕದ ಹಾಡ, ಚಲೋ ಐತಿ” ಎಂದು ನಗಿಸಿ, ಅದೇ ಪದವನ್ನು ತಾನು ಎತ್ತಿಕೊಂಡಿದ್ದ. ಅವನು ಹಾಡತೊಡಗಿದ ಮೇಲೆ ಅವಳ ಹಾಡು ಯಾರ ನೆನಪಿನಲ್ಲೂ ಉಳಿಯಲಿಲ್ಲ, ಅವಳದರಲ್ಲೂ ಇಲ್ಲ.

ಟ್ರ್ಯಾಕ್ಟರಿನ ಹೊಗೆ ಕಿಟಕಿಯೊಳಗೆ ನುಗ್ಗಿತು. ಆ ಯೋಚನೆ ಹಿಂದೆ ಎರಡು ಮೂರು ಸಲ ಬಂದಾಗ ಅವಳು ಅದನ್ನು ಮುಂದಕ್ಕೆ ಬಿಟ್ಟಿರಲಿಲ್ಲ, ಇವತ್ತು ಅದು ಬಂದು ಬಾಜೂಕ್ಕೆ ಕೂತುಬಿಟ್ಟಿತು. ಜೀವ ಉಳಿಯಲಿ ಎಂದೇ ಹೇಳಿದೆನೇ? ಆ ದನಿ ನಿಲ್ಲಲಿ ಎಂದು ಒಳಗೆ ಒಂದು ಚೂರಾದರೂ ಇರಲಿಲ್ಲವೇ? ‘ಬರ್ತೈತಂತ’ ಎಂದಾಗ ತನ್ನ ದನಿ ನಡುಗಲಿಲ್ಲವಲ್ಲ, ಯಾಕೆ ನಡುಗಲಿಲ್ಲ? ಇಲ್ಲ ಎಂದುಕೊಂಡಳು. ಇರಲಿಲ್ಲ. ಇದ್ದಿದ್ದರೆ ನಿನ್ನೆ ಬೆಳಗಾವಿಗೆ ಹೋಗಿ ಈ ಮಷಿನ್ನು ಯಾಕೆ ತರುತ್ತಿದ್ದೆ? ಆದರೆ ತಂದದ್ದೂ ಒಂದು ಸುಳ್ಳಿನ ಹಾಗೆ ಚೀಲದಲ್ಲಿ ಭಾರವಾಗಿ ಕೂತಿತ್ತು. ಗಂಡ ಬಾಳೇಶ ಹಿಡಕಲ್‌ನಿಂದ ಫೋನ್ ಮಾಡಿ, ಮುಟ್ಟಿದೆಯಾ ಎಂದು ಕೇಳಿದ. ಇಲ್ಲ, ಇನ್ನೂ ದಾರಿಯಲ್ಲಿದ್ದೇನೆ ಎಂದಳು. ಏನಾರ ಆಗೈತೇನ ಎಂದ. ಏನೂ ಇಲ್ಲ ಎಂದಳು.

ಮನೆಯಂಗಳದಲ್ಲಿ ಬಿಸಿಲು ಇನ್ನೂ ಇತ್ತು. ಅಪ್ಪ ಬೇವಿನ ಗಿಡದ ಬುಡಕ್ಕೆ ಹೊರಸಿನ ಮೇಲೆ ಕೂತಿದ್ದ. ಮಾಲಿಂಗಪ್ಪ ಎದುರಿಗೆ ಕಲ್ಲಿನ ಮೇಲೆ ಕೂತು ಊರ ಸುದ್ದಿ ಹೇಳುತ್ತಿದ್ದ. ಯಲ್ಲಾಲಿಂಗ ಕರುವಿಗೆ ಮೇವು ಹಾಕುತ್ತಿದ್ದ. ಅವಳು ಮಷಿನ್ನು ತೆಗೆದಾಗ ಅವ್ವ ಕೈ ಒರೆಸಿಕೊಂಡು ಓಡಿ ಬಂದಳು. ಅಪ್ಪನ ಗದ್ದ ಎತ್ತಿ, ಹೊಲಿಗೆಯ ಬಾಜೂಕ್ಕೆ ಮೆತ್ತನೆಯ ಜಾಗ ಹುಡುಕಿ ಒತ್ತುವಾಗ ಮಾಲಾಳ ಬೆರಳಿಗೆ ಅವನ ಚರ್ಮ ತಾಗಿತು. ಆರು ತಿಂಗಳಲ್ಲಿ ಮೊದಲ ಸಲ. ಅವನು ತಪ್ಪಿಸಿಕೊಳ್ಳಲಿಲ್ಲ, ಕಣ್ಣು ಮಾತ್ರ ಆಚೆ ಇತ್ತು. ಗುಂಡಿ ಒತ್ತುವುದನ್ನು ತೋರಿಸಿ, “ಉಸಿರ ಬಿಗಿ ಹಿಡದ ಅನ್ನು ಯಪ್ಪಾ. ಬರೇ ಬಾಯಿ ಆಡಸು,” ಎಂದಳು. ಝುಂಯ್ ಎಂದಿತು. ಕರು ಬೆದರಿತು. ಎರಡು ಮೂರು ಸಲ ಬರೀ ಸದ್ದು. ಆಮೇಲೆ ಆ ಸದ್ದಿನೊಳಗಿಂದ ಒಂದು ಶಬ್ದ ಎದ್ದು ಬಂತು: “ನೀರ.”

ಸುಂದ್ರವ್ವ ಒಮ್ಮೆಲೇ ಅತ್ತುಬಿಟ್ಟಳು, ಅಳುತ್ತಲೇ ತಂಬಿಗೆ ತರಲು ಓಡಿದಳು. ಮಾಲಿಂಗಪ್ಪ ತೊಡೆ ತಟ್ಟಿ ನಕ್ಕ. “ಬಂತಲ್ಲೋ ಶೆಟ್ಟೆಪ್ಪಾ! ಅನ್ನು, ಇನ್ನೇನರ ಅನ್ನು.” ಅಪ್ಪ ತಂಬಿಗೆ ಮುಟ್ಟಲಿಲ್ಲ. ಮಷಿನ್ನನ್ನು ಮತ್ತೆ ಗದ್ದದಡಿ ಇಟ್ಟುಕೊಂಡ. ಕೂತ ಭಂಗಿ ಬದಲಾಯಿತು, ಬೆನ್ನು ನೆಟ್ಟಗಾಯಿತು, ಎಡಗೈ ಇಲ್ಲದ ಏಕತಾರಿಯನ್ನು ಹಿಡಿದ ಹಾಗೆ ಎದೆಯ ಹತ್ತಿರ ಬಂತು. ಏನು ಮಾಡಲು ಹೊರಟಿದ್ದಾನೆಂದು ಮಾಲಾಗೆ ತಿಳಿಯಿತು. ಅವನು ಸೋಮವಾರದ ಮೊದಲ ಪದದ ಮೊದಲ ಸೊಲ್ಲನ್ನು ಎತ್ತಿದ. ಅಕ್ಷರಗಳು ಬಂದವು, ಒಂದರ ಹಿಂದೊಂದು, ಒಂದೇ ಎತ್ತರದಲ್ಲಿ, ಗಿರಣಿಯ ಪಟ್ಟಾ ತಿರುಗಿದ ಹಾಗೆ. ಏರಬೇಕಾದ ಜಾಗಕ್ಕೆ ಬಂದಾಗ ಅವನ ಹುಬ್ಬು ಏರಿತು, ಗದ್ದ ಏರಿತು, ದನಿ ಏರಲಿಲ್ಲ. ನಿಲ್ಲಿಸಿ, ಇನ್ನಷ್ಟು ಬಿಗಿಯಾಗಿ ಒತ್ತಿ, ಒತ್ತಿದರೆ ಏರೀತು ಎಂಬಂತೆ ಮತ್ತೆ ಅದೇ ಜಾಗಕ್ಕೆ ಬಂದ. ಚರ್ಮ ಕೆಂಪಾಯಿತು. ಮಾಲಿಂಗಪ್ಪ ತಲೆ ತಗ್ಗಿಸಿ ನೆಲದ ಮೇಲಿನ ಬೇವಿನ ಎಲೆ ಆರಿಸತೊಡಗಿದ. ಮೂರನೆಯ ಸಲಕ್ಕೆ ಅಪ್ಪ ನಡುವೆಯೇ ಬಿಟ್ಟ. ಸ್ವಲ್ಪ ಹೊತ್ತು ಕೊರಳ ಮೇಲಿನ ಅರಿವೆ ಒಳಗೆ ಹೊರಗೆ ಆಡುವುದಷ್ಟೇ ಕಾಣುತ್ತಿತ್ತು. ಆಮೇಲೆ ಅವನು ಮಗಳ ಕಡೆ ತಿರುಗಿದ. ಬೆಳಗಾವಿಯ ಆ ದಿನದ ನಂತರ ಮೊದಲ ಸಲ ನೆಟ್ಟಗೆ ನೋಡಿದ.

“ನಿಂಗ ಗೊತ್ತಿತ್ತು.”

ಅದು ಪ್ರಶ್ನೆಯೋ ಅಲ್ಲವೋ ತಿಳಿಯಲಿಲ್ಲ. ಪ್ರಶ್ನೆಯಾಗಿದ್ದರೆ ಕೊನೆಗೆ ಏರಬೇಕಿತ್ತು. ಆ ಮಷಿನ್ನಿಗೆ ಏರುವುದು ಬರುತ್ತಿರಲಿಲ್ಲ. ಪ್ರಶ್ನೆಯಲ್ಲವೆಂದು ತಿಳಿದು ಸುಮ್ಮನಿದ್ದುಬಿಡಬಹುದಿತ್ತು. ಮಾಲಾ ಅವ್ವನನ್ನು ನೋಡಿದಳು. ನಮಗೆಲ್ಲರಿಗೂ ಗೊತ್ತಿತ್ತು, ನಾವೇ ಹೇಳಬ್ಯಾಡ ಅಂದೆವು ಎಂದು ಅವ್ವನಾದರೂ ಅಂದಾಳು, ಯಲ್ಲಾಲಿಂಗನಾದರೂ ಅಂದಾನು. ಅವ್ವ ತಂಬಿಗೆಯೊಳಗೆ ನೋಡುತ್ತಿದ್ದಳು. ಯಲ್ಲಾಲಿಂಗ ಕರುವಿನ ಹಗ್ಗವನ್ನು ಬಿಚ್ಚಿ ಮತ್ತೆ ಅದೇ ಗೂಟಕ್ಕೆ ಕಟ್ಟುತ್ತಿದ್ದ.

“ಹೂಂ ಯಪ್ಪಾ,” ಎಂದಳು.

“ಹೇಳಿದ್ರ ನಾ ಒಲ್ಲೆ ಅಂತಿದ್ನಿ.”

“ಅದಕ್ಕ ಹೇಳಲಿಲ್ಲ.”

ಅವನು ಬಹಳ ಹೊತ್ತು ಅವಳನ್ನು ನೋಡಿದ. ಸಿಟ್ಟಿನಿಂದಲ್ಲ, ಸಿಟ್ಟಾಗಿದ್ದರೆ ಅವಳು ಕಾಲು ಹಿಡಿಯುತ್ತಿದ್ದಳು. ಸಂತೆಯಲ್ಲಿ ಗುರುತಿನವರೆಂದು ಕರೆದು, ಹತ್ತಿರ ಬಂದ ಮೇಲೆ ಅವರಲ್ಲ ಎಂದು ತಿಳಿದಾಗ ನೋಡುತ್ತಾರಲ್ಲ, ಹಾಗೆ. ಮಷಿನ್ನಿನ ಗುಂಡಿ ಬಿಟ್ಟು ಅದನ್ನು ನಡುವಿಗೆ ಸುತ್ತಿದ ದಟ್ಟಿಯ ಮಡಿಕೆಯಲ್ಲಿ ಸಿಗಿಸಿಕೊಂಡ. ಅವಳು ಹೊರಡುವಾಗ “ಹೋಗಿ ಬರ್ತೇನಿ ಯಪ್ಪಾ” ಎಂದಳು. ಅವನು ಕೈಯನ್ನೂ ಎತ್ತಲಿಲ್ಲ.

ಮುಂದಿನ ವಾರಗಳಲ್ಲಿ ಅವಳು ಕಿವುಡನಾದ ಸಂಗೀತಗಾರನ ಪಾಠ ಮಾಡಿದಳು, ರೊಮ್ಯಾಂಟಿಕ್ ಯುಗವನ್ನು ಮುಗಿಸಿದಳು. ಆ ಯುಗದವರು ತಮ್ಮ ದುಃಖವನ್ನು ಯಾವ ಅಂಜಿಕೆಯಿಲ್ಲದೆ ಎಲ್ಲರೆದುರು ಸ್ವರಕ್ಕೆ ಹಾಕಿದರು ಎಂದು ಬರೆಸುವಾಗ ಭಾಗ್ಯಾ ತಲೆಯೆತ್ತಿ ನೋಡಿದಳು. ಊರಿಗೆ ಹೋದಾಗಲೆಲ್ಲ ಅಪ್ಪ ಕಣ್ಣಿಗೆ ಕಂಡರೂ ಕಿವಿಗೆ ಸಿಗಲಿಲ್ಲ. ಮಷಿನ್ನು ದಟ್ಟಿಯಲ್ಲೇ ಇರುತ್ತಿತ್ತು. ಅವನಿಗೆ ಅದು ಸೇರಿಬರಲಿಲ್ಲವೇನೋ, ಬ್ಯಾಟರಿ ಹೋಗಿರಬೇಕು ಎಂದು ಅವಳೇ ಬಾಳೇಶನಿಗೆ ಹೇಳಿದಳು.

ಒಂದು ರವಿವಾರ ಹೇಳದೆ ಹೋದಳು. ಊರ ಬಾಗಿಲ ಅಗಸಿಯ ಹತ್ತಿರ ಬಸ್ಸಿಳಿದು, ಓಣಿ ದಾಟಿ, ಮನೆಯ ಹಿತ್ತಿಲ ಕಡೆಯಿಂದ ಬರುವಾಗ ಝುಂಯ್ ಎಂಬುದು ಕೇಳಿತು. ಬಚ್ಚಲ ಗೋಡೆಯ ಬಾಜೂಕ್ಕೆ ನಿಂತುಬಿಟ್ಟಳು. ಒಳಗೆ ಅಪ್ಪ ಮಾತಾಡುತ್ತಿದ್ದ. ಕಬ್ಬು ಕಡಿಯುವ ಗ್ಯಾಂಗಿನವರು ಇನ್ನೂ ಬರಲಿಲ್ಲವೆಂದು ಬೈಯುತ್ತಿದ್ದ, ಮಾಲಿಂಗಪ್ಪ ಹೋದ ಸೋಮವಾರ ಎಲ್ಲಿ ತಾಳ ತಪ್ಪಿದ ಎಂಬುದನ್ನು, ತಪ್ಪಿದ ಸೊಲ್ಲನ್ನೇ ಅಂದು ತೋರಿಸುತ್ತಿದ್ದ, ಯಲ್ಲಾಲಿಂಗ ನಗುತ್ತಿದ್ದ. ಮಾತು ಈಗ ಸಲೀಸಾಗಿತ್ತು, ಅಕ್ಷರಗಳು ಬಿಡಿಬಿಡಿಯಾಗಿ ಬರುತ್ತಿದ್ದವು. ದಿನಾ ಆಡಿ ಆಡಿ ರೂಢಿಯಾದ ಮಾತು ಅದು. ಚಪ್ಪಟೆಯಾದ, ಬಣ್ಣವಿಲ್ಲದ ಆ ಸದ್ದಿನೊಳಗೆ ಅಪ್ಪ ಪೂರ್ತಿಯಾಗಿ ಇದ್ದ. ಅವನ ಕುಚೋದ್ಯ, ಅವನ ಎಳೆತ, ಮಾತಿನ ನಡುವೆ ಅವನು ನಿಲ್ಲಿಸುವ ಜಾಗ. ಮಾಲಾ ಚೀಲವನ್ನು ಎದೆಗೆ ಅವುಚಿಕೊಂಡು, ಉಸಿರು ಸಣ್ಣಗೆ ಮಾಡಿಕೊಂಡು ಕೇಳಿದಳು. ಬಿಸಿಲು ಗೋಡೆಯಿಂದ ಅವಳ ಕಾಲಿನವರೆಗೆ ಬಂತು.

ಸುಂದ್ರವ್ವ ಮುಸುರಿ ಚೆಲ್ಲಲು ಹಿತ್ತಿಲಿಗೆ ಬಂದಳು. “ಅಯ್ಯ, ಯಾವಾಗ ಬಂದಿ? ಹೊರಗ್ಯಾಕ ನಿಂತಿ ಮಾಲಾ, ಒಳಗ ಬಾ” ಎಂದಳು, ಗಟ್ಟಿಯಾಗಿಯೇ.

ಒಳಗೆ ಝುಂಯ್ ಎನ್ನುವುದು ನಿಂತಿತು.